ಆರು ಕುರ್ಚಿ, ಎಂಟರ ಜೋಡಿ

ಒಂದು ಪಟ್ಟಣದಲ್ಲಿ ಒಂದು ಕ್ಲಬ್ ಇತ್ತು. ಅದರ ಇಸ್ಪೀಟಿನ ಕೋಣೆಯಲ್ಲಿ ಚೌಡಯ್ಯನವರು ಮೂವತ್ತೊಂದು ವರ್ಷಗಳಿಂದ ಮಾರ್ಕರ್ ಆಗಿದ್ದರು. ಮಾರ್ಕರ್ ಎಂದರೆ ಎಲೆಗಳ ಕಟ್ಟು ತಂದಿಡುವವರು, ಪಣಕ್ಕೆ ಒಡ್ಡುವ ಬಿಲ್ಲೆ ಹಂಚುವವರು, ಕೇಳಿದವರಿಗೆ ನೀರು ಕಾಫಿ ಒದಗಿಸುವವರು. ಅಷ್ಟು ವರ್ಷಗಳಲ್ಲಿ ಅವರು ಆ ಕೋಣೆಯಲ್ಲಿ ಒಂದು ಸಲವೂ ಕುಳಿತಿರಲಿಲ್ಲ.

ಕಾರಣ ಗೋಡೆಯ ಮೇಲಿತ್ತು. ಕಪ್ಪು ಹಲಗೆ, ಬಿಳಿ ಅಕ್ಷರ, ಹನ್ನೊಂದು ನಿಯಮ. ಏಳನೆಯದು ಹೀಗಿತ್ತು: 'ಸಿಬ್ಬಂದಿ ವರ್ಗದವರು ಆಟದ ಕೋಣೆಯಲ್ಲಿ ಆಸೀನರಾಗತಕ್ಕದ್ದಲ್ಲ.'

ಅದನ್ನು ಯಾರು ಬರೆಸಿದರು ಎಂಬುದು ಯಾರಿಗೂ ನೆನಪಿರಲಿಲ್ಲ. ಯಾಕೆ ಬರೆಸಿದರು ಎಂದು ಯಾರೂ ಕೇಳಿರಲಿಲ್ಲ. ಸದಸ್ಯರಲ್ಲಿ ಒಬ್ಬರು ವೈದ್ಯರಿದ್ದರು. ಚೌಡಯ್ಯನವರ ಮೊಣಕಾಲಿನ ಕೆಳಗೆ ಹಗ್ಗದಂತೆ ಉಬ್ಬಿದ ನರಗಳನ್ನು ನೋಡಿ, "ಬಹಳ ಹೊತ್ತು ನಿಲ್ಲಬೇಡಪ್ಪ" ಎಂದು ಸಲಹೆ ಕೊಟ್ಟಿದ್ದರು. ಸಲಹೆ ಕೊಟ್ಟು, ಕಾಫಿ ತರಲು ಹೇಳಿದ್ದರು.

ಆ ಕ್ಲಬ್ಬಿಗೆ ಒಂದು ವಿಚಿತ್ರ ಪದ್ಧತಿಯಿತ್ತು. ಪ್ರತಿ ಜನವರಿಯಲ್ಲಿ ಸ್ಥಾಪನಾ ದಿನದಂದು ಪೋಕರ್ ಪಂದ್ಯಾವಳಿ. ಅಂದು ಮಾತ್ರ ಪಟ್ಟಣದ ಯಾರು ಬೇಕಾದರೂ ಹೆಸರು ಕೊಟ್ಟು ಆಡಬಹುದು. ದುಡ್ಡಿನ ಪ್ರಶ್ನೆಯೇ ಇಲ್ಲ. ಎಲ್ಲರಿಗೂ ಐವತ್ತು ಪ್ಲಾಸ್ಟಿಕ್ ಬಿಲ್ಲೆ, ಮುಗಿದವರು ಮೇಜಿನಿಂದ ಏಳಬೇಕು. ಕೊನೆಗೆ ಉಳಿದವರ ಕೈಗೆ ಬಣ್ಣದ ಕುಂಚ ಕೊಡುತ್ತಾರೆ. ಅವರು ಹಲಗೆಯ ಮೇಲೆ ಒಂದು ನಿಯಮವನ್ನು ಸೇರಿಸಬಹುದು, ಅಥವಾ ಒಂದನ್ನು ಹೊಡೆದುಹಾಕಬಹುದು. ಅದನ್ನು ಕ್ಲಬ್ ಒಪ್ಪಲೇಬೇಕು. ಒಬ್ಬರು ಸಿಗರೇಟು ನಿಷೇಧಿಸಿದ್ದರು. ಮರುವರ್ಷದವರು ಆ ನಿಷೇಧವನ್ನೇ ಹೊಡೆದುಹಾಕಿದ್ದರು. ಇನ್ನೊಬ್ಬರು ಶನಿವಾರ ಮೆಣಸಿನಕಾಯಿ ಬಜ್ಜಿಯ ಬದಲು ಈರುಳ್ಳಿ ಬಜ್ಜಿ ಕಡ್ಡಾಯ ಮಾಡಿದ್ದರು. ಏಳನೆಯ ನಿಯಮವನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ. ಅದು ಯಾರಿಗೂ ಅಡ್ಡಿಯಾಗಿರಲಿಲ್ಲ.

ಚೌಡಯ್ಯನವರಿಗೆ ಕುಮುದಾ ಎಂಬ ಮಗಳಿದ್ದಳು. ಸಂಖ್ಯಾಶಾಸ್ತ್ರದಲ್ಲಿ ಪದವಿ ಮುಗಿಸಿ, ಪದವಿಗೆ ತಕ್ಕ ಕೆಲಸ ಸಿಗದೆ, ಒಂದು ಟ್ಯುಟೋರಿಯಲ್‌ನಲ್ಲಿ ಪಾಠ ಹೇಳುತ್ತಿದ್ದಳು. ಅವಳು ತನ್ನ ಹೆಸರನ್ನು ಪಂದ್ಯಾವಳಿಗೆ ಕೊಟ್ಟಳು. ಅವಳಿಗೆ ಬೇಕಾಗಿದ್ದು ಆ ಕುಂಚ.

ಪೋಕರ್ ಆಟ ಕಷ್ಟದ್ದಲ್ಲ. ಪ್ರತಿಯೊಬ್ಬರಿಗೂ ಎರಡೆರಡು ಎಲೆ ಮುಚ್ಚಿ ಕೊಡುತ್ತಾರೆ. ಅವನ್ನು ನೋಡಿಕೊಂಡು ಸರದಿಯಂತೆ ಬಿಲ್ಲೆ ಒಡ್ಡಬೇಕು, ಇಲ್ಲವೇ ಎಲೆ ಕೆಳಗಿಡಬೇಕು. ಆಮೇಲೆ ಮೇಜಿನ ನಡುವೆ ಎಲ್ಲರಿಗೂ ಸೇರಿದ ಮೂರು ಎಲೆ ತೆರೆಯುತ್ತಾರೆ, ಬಳಿಕ ಒಂದು, ಕೊನೆಗೆ ಇನ್ನೊಂದು. ನಡುನಡುವೆ ಮತ್ತೆ ಬಿಲ್ಲೆ ಒಡ್ಡಬಹುದು. ಕೊನೆಯಲ್ಲಿ ಕೈಯ ಎಲೆ, ನಡುವಿನ ಎಲೆ ಸೇರಿಸಿ ಯಾರ ಕೂಟ ದೊಡ್ಡದೋ ಅವರದು ಗೆಲುವು: ಒಂಟಿ ಎಲೆಗಿಂತ ಜೋಡಿ ದೊಡ್ಡದು, ಜೋಡಿಗಿಂತ ಒಂದೇ ಅಂಕೆಯ ಮೂರು ದೊಡ್ಡದು. ಕೈಗೆ ಎಕ್ಕದ ಜೋಡಿಯೋ ರಾಜನ ಜೋಡಿಯೋ ಬಂದರೆ ಮೂರ್ಖನೂ ಆಡಬಲ್ಲ. ಎರಡು ಮತ್ತು ಏಳು ಬಂದರೆ ಮೂರ್ಖನೂ ಬಿಡಬಲ್ಲ. ಕಷ್ಟವಿರುವುದು ಮಧ್ಯದ ಜೋಡಿಗಳಲ್ಲಿ: ಏಳರ ಜೋಡಿ, ಎಂಟರ ಜೋಡಿ, ಒಂಬತ್ತರ ಜೋಡಿ. ಅವು ಬಿಡಲಾರದಷ್ಟು ಚೆನ್ನಾಗಿರುತ್ತವೆ, ನಂಬಲಾರದಷ್ಟು ಚಿಕ್ಕವಾಗಿರುತ್ತವೆ.

ಮೊದಲ ವರ್ಷ ಕುಮುದಾ ಕುಳಿತ ಮೇಜಿನಲ್ಲೇ ಕ್ಲಬ್ಬಿನ ಕಾರ್ಯದರ್ಶಿ ಪರಮಶಿವಯ್ಯನವರೂ ಇದ್ದರು. ಆಟ ಶುರುವಾಗಿ ಕಾಲು ಗಂಟೆಯಾಗಿತ್ತು. ಪರಮಶಿವಯ್ಯನವರು ಹಿಂದೆ ತಿರುಗದೆಯೇ ಚಿಟಿಕೆ ಹೊಡೆದರು.

"ಏ ಮಾರ್ಕರ್, ಕಂಬ ನಿಂತ ಹಾಗೆ ನಿಂತಿದ್ದೀಯಲ್ಲೋ. ನೀರು ತಾ."

"ಇಗೋ ತಂದೆ ಸಾರ್," ಎಂದರು ಚೌಡಯ್ಯನವರು.

ಕುಮುದಾಳ ಕಿವಿ ಬಿಸಿಯಾಯಿತು. ಅದೇ ಕ್ಷಣಕ್ಕೆ ಅವಳ ಕೈಗೆ ಒಂಬತ್ತರ ಜೋಡಿ ಬಂದಿತು. ಮೊದಲು ಹೇಳಬೇಕಾದ ಸರದಿ ಅವಳದು. ಸರದಿಯಲ್ಲಿ ಅವಳ ನಂತರದ ಐದು ಜನ ಇನ್ನೂ ಬಾಯಿ ತೆರೆದಿರಲಿಲ್ಲ. ಅವಳು ಅದನ್ನು ನೋಡಲಿಲ್ಲ. ತನ್ನ ಬಿಲ್ಲೆಗಳನ್ನೆಲ್ಲ ಎರಡೂ ಕೈಯಿಂದ ಮುಂದಕ್ಕೆ ತಳ್ಳಿದಳು.

"ಎಲ್ಲಾ!" ಎಂದಳು. ಕೋಣೆಗೆಲ್ಲ ಕೇಳಿಸಿತು.

ನಾಲ್ಕು ಜನ ಎಲೆ ಕೆಳಗಿಟ್ಟರು. ಪರಮಶಿವಯ್ಯನವರು ಇಡಲಿಲ್ಲ. ಅವರ ಕೈಯಲ್ಲಿ ರಾಣಿಯ ಜೋಡಿ ಇತ್ತು. ಮಧ್ಯದಲ್ಲಿ ಐದು ಎಲೆ ತೆರೆದವು. ಯಾವುದೂ ಅವಳ ನೆರವಿಗೆ ಬರಲಿಲ್ಲ. ಹದಿನೆಂಟನೆಯ ನಿಮಿಷಕ್ಕೆ ಕುಮುದಾ ಎದ್ದು ಹೊರಗೆ ನಡೆದಳು. ಆ ವರ್ಷ ಗೆದ್ದವರು ಪರಮಶಿವಯ್ಯನವರೇ. ಅವರು ಹನ್ನೆರಡನೆಯ ನಿಯಮ ಸೇರಿಸಿದರು: ಕಾಫಿ ಲೋಟದ ಕೆಳಗೆ ತಟ್ಟೆ ಇರತಕ್ಕದ್ದು. ತಟ್ಟೆ ಹೊರುವವರು ಯಾರೆಂದು ಬೇರೆ ಹೇಳಬೇಕಾಗಿಲ್ಲ.

ಮನೆಗೆ ಬಂದ ಮೇಲೆ ಕುಮುದಾ ಹೇಳಿದಳು: "ಅದೃಷ್ಟ ಇರಲಿಲ್ಲ ಅಪ್ಪ."

"ಅದೃಷ್ಟದ ಮಾತು ಆಮೇಲೆ ಆಡುವಂತೆ," ಎಂದರು ಚೌಡಯ್ಯನವರು. "ಆಡಿದ್ದು ಯಾರು? ನೀನೋ, ನಿನ್ನ ಸಿಟ್ಟೋ?"

"ಅವನು ನಿನ್ನನ್ನು ಕಂಬ ಅಂದ."

"ಅಂದ. ಅದಕ್ಕೂ ಒಂಬತ್ತಕ್ಕೂ ಏನವ್ವಾ ಸಂಬಂಧ?"

ಚೌಡಯ್ಯನವರು ಮುಂದಿನ ವರ್ಷದ ಮಾರ್ಚಿಗೆ ನಿವೃತ್ತರಾಗುವವರಿದ್ದರು. ಅದಕ್ಕೆ ಮೊದಲು ಉಳಿದಿದ್ದು ಒಂದೇ ಜನವರಿ.

ಕ್ಲಬ್ಬಿನ ಕೋಣೆಯನ್ನು ಅವರು ಬೆಳಗ್ಗೆ ಆರಕ್ಕೆ ಗುಡಿಸಬೇಕಿತ್ತು. ಮರುದಿನದಿಂದ ಮಗಳನ್ನೂ ಕರೆದುಕೊಂಡು ಹೋದರು. ಗುಡಿಸಿ ಮುಗಿದ ಮೇಲೆ ಕಟ್ಟಿನಿಂದ ಎರಡು ಎಂಟು ತೆಗೆದು ಅವಳ ಕೈಗೆ ಕೊಟ್ಟರು.

"ಈ ಕುರ್ಚೀಲಿ ಕೂತ್ಕೊ. ಹೇಳು, ಇವು ಎಷ್ಟು ಬಾಳ್ತವೆ?"

"ಎಂಟರ ಜೋಡಿ. ಚೆನ್ನಾಗಿದೆ."

"ಚೆನ್ನಾಗಿರೋದು ಬಿಡು. ನೀನು ಮೊದಲು ಹೇಳೋಳು. ನಿನ್ನ ಆಮೇಲೆ ಹೇಳೋ ಐದು ಬಾಯಿ ಇನ್ನೂ ಮುಚ್ಕೊಂಡವೆ. ಅವುಗಳ ಕೈಲಿ ಏನೈತೆ?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂದಮೇಲೆ ಎಷ್ಟು ಇಡ್ತೀಯ?"

"ಸ್ವಲ್ಪ."

"ಯಾರಾದ್ರೂ ಜೋರಾಗಿ ತಿರುಗಿ ಬಿದ್ರೆ?"

"ಬಿಡ್ತೀನಿ."

"ಏಳು. ಪಕ್ಕದ ಕುರ್ಚಿಗೆ ಹೋಗು."

ಹೀಗೆ ಅವಳು ಅದೇ ಎರಡು ಎಲೆ ಹಿಡಿದು ಆರು ಕುರ್ಚಿಗಳಲ್ಲಿ ಕುಳಿತಳು. ಆರನೆಯ ಕುರ್ಚಿಯಲ್ಲಿ ಎಲ್ಲರೂ ಮಾತನಾಡಿ ಆಗಿರುತ್ತದೆ. ಅಲ್ಲಿ ಅದೇ ಎಂಟು ಹೆಚ್ಚು ಬಾಳುತ್ತದೆ. ಆರನೆಯ ಕುರ್ಚಿಯಾದ ಮೇಲೆ ಚೌಡಯ್ಯನವರು ಅವಳ ಮುಂದಿದ್ದ ಐವತ್ತು ಬಿಲ್ಲೆಗಳಲ್ಲಿ ನಲವತ್ತನ್ನು ತೆಗೆದುಬಿಟ್ಟರು. ಎದುರಿನ ನಾಲ್ಕು ಕುರ್ಚಿಗಳನ್ನು ಗೋಡೆಗೆ ಸರಿಸಿದರು.

"ಈಗ?"

"ಈಗ ಬಿಲ್ಲೆ ಕಮ್ಮಿ. ಹುಷಾರಾಗಿರಬೇಕು."

"ತಪ್ಪು," ಎಂದರು ಚೌಡಯ್ಯನವರು. "ಪ್ರತಿ ಆಟಕ್ಕೂ ಒಬ್ಬರು ಕಡ್ಡಾಯ ಬಿಲ್ಲೆ ಇಡಬೇಕು. ಅರ್ಧ ಗಂಟೆಗೊಂದು ಸಲ ಅದು ದುಪ್ಪಟ್ಟಾಯ್ತದೆ. ಸುಮ್ಮನೆ ಕೂತ್ರೂ ಬಿಲ್ಲೆ ಕರಗ್ತದೆ. ಐದು ಜನ ಇದ್ದಾಗ ಎಂಟಕ್ಕಿಂತ ದೊಡ್ಡ ಜೋಡಿ ಯಾರದ್ದಾದರೂ ಕೈಲಿರಬಹುದು. ಒಬ್ಬನೇ ಇದ್ದಾಗ? ಅವನ ಕೈಲಿ ಜೋಡಿ ಇರೋದೇ ಅಪರೂಪ. ಆವಾಗ ಎಂಟು ದೊಡ್ಡದು ಕಣವ್ವ. ಆವಾಗ ಬಿಟ್ಟೆಯೋ, ಇನ್ಯಾವತ್ತೂ ಆಡಲ್ಲ ನೀನು."

ಅವರ ಬಳಿ ಹಳೆಯ ಸ್ಕೋರ್ ಹಾಳೆಗಳ ಒಂದು ಕಟ್ಟಿತ್ತು. ಅದರ ಹಿಂಬದಿಯಲ್ಲಿ ಗೀಟುಗಳಿದ್ದವು. ಕೈಯಲ್ಲಿ ಜೋಡಿ ಹಿಡಿದವರಿಗೆ ಮೊದಲ ಮೂರು ಎಲೆಗಳಲ್ಲಿ ಅದೇ ಅಂಕೆ ಮತ್ತೆ ಬಂದು ಮೂರಾದದ್ದು ಎಷ್ಟು ಸಲ ಎಂದು ಅವರು ವರ್ಷಗಟ್ಟಲೆ ಗೀಟು ಹಾಕಿದ್ದರು. ಸಾವಿರದ ನೂರ ನಲವತ್ತು ಜೋಡಿಗಳಲ್ಲಿ ನೂರ ಮೂವತ್ತಮೂರು ಸಲ. ಕುಮುದಾ ತಾನು ಕಲಿತ ಸೂತ್ರದಿಂದ ಲೆಕ್ಕ ಹಾಕಿದಳು. ನೂರಕ್ಕೆ ಸುಮಾರು ಹನ್ನೆರಡು. ಎರಡೂ ಒಂದೇ. ಅವಳಿಗೆ ಮೂರು ವರ್ಷದ ಪದವಿ ಕೊಟ್ಟಿದ್ದನ್ನು ಅವರು ನಿಂತುಕೊಂಡೇ ಕಂಡುಕೊಂಡಿದ್ದರು.

ಆ ಬೆಳಗುಗಳಲ್ಲಿ ಕೋಣೆ ಖಾಲಿಯಿರುತ್ತಿತ್ತು. ಕುರ್ಚಿಗಳೂ ಖಾಲಿಯಿರುತ್ತಿದ್ದವು.

"ಯಾರೂ ಇಲ್ಲವಲ್ಲ, ಕೂತ್ಕೊ ಅಪ್ಪ," ಎನ್ನುತ್ತಿದ್ದಳು ಕುಮುದಾ.

"ಯಾರೂ ಇಲ್ಲದಾಗ ಕೂರೋದು ಕದ್ದ ಹಾಗೆ," ಎನ್ನುತ್ತಿದ್ದರು ಚೌಡಯ್ಯನವರು. ಅವರು ಕೂರಲಿಲ್ಲ.

ಜನವರಿ ಬಂದಿತು. ಇಪ್ಪತ್ತನಾಲ್ಕು ಜನ, ನಾಲ್ಕು ಮೇಜು, ಬೆಳಗ್ಗೆ ಹತ್ತಕ್ಕೆ ಆರಂಭ. ನಿವೃತ್ತ ಗಣಿತದ ಮೇಷ್ಟ್ರು ಸೇತುರಾಯರು ಕುಮುದಾಳ ಮೇಜಿಗೆ ಎಲೆ ಹಂಚಿದರು. ಆರನೆಯ ಆಟದಲ್ಲಿಯೇ ಅವಳಿಗೆ ಎಂಟರ ಜೋಡಿ ಬಂದಿತು. ಸರದಿ ಮೊದಲನೆಯದು. ನಂತರ ಐದು ಜನ.

ಅವಳು ಮೂರು ಬಿಲ್ಲೆ ಇಟ್ಟಳು. ಪಕ್ಕದವರು ಹತ್ತು ಇಟ್ಟರು. ಅವರಾಚೆಯವರು ಐವತ್ತನ್ನೂ ತಳ್ಳಿದರು, ಮಿಕ್ಕ ಮೂವರು ಬಿಟ್ಟರು. ಕುಮುದಾ ಎಂಟುಗಳನ್ನು ಕೆಳಗಿಟ್ಟಳು.

"ಹೋದ ಸಲ ಹುಲಿ, ಈ ಸಲ ಮೊಲ!" ಎಂದು ಯಾರೋ ನಕ್ಕರು.

ಪಕ್ಕದವರೂ ತಮ್ಮದೆಲ್ಲ ತಳ್ಳಿದರು. ಸೇತುರಾಯರು ಮೂರು ಎಲೆ ತೆರೆದರು. ನಡುವಿನದು ಎಂಟು.

ಉಳಿದ ಇಬ್ಬರ ಎಲೆಗಳು ಬಿಚ್ಚಿಕೊಂಡವು: ಒಬ್ಬರದು ಗುಲಾಮನ ಜೋಡಿ, ಇನ್ನೊಬ್ಬರದು ರಾಜನ ಜೋಡಿ. ಕೊನೆಯ ಎರಡು ಎಲೆಗಳು ಅವರಿಬ್ಬರ ನೆರವಿಗೂ ಬರಲಿಲ್ಲ. ಅವಳು ಉಳಿದಿದ್ದರೆ ಮೂರು ಎಂಟುಗಳಿಂದ ಇಬ್ಬರನ್ನೂ ಸೋಲಿಸುತ್ತಿದ್ದಳು. ಅದು ಗೊತ್ತಿದ್ದದ್ದು ಅವಳಿಗೆ, ಮತ್ತು ಅವಳ ಬೆನ್ನ ಹಿಂದೆ ತಟ್ಟೆ ಹಿಡಿದು ನಿಂತಿದ್ದ ಒಬ್ಬರಿಗೆ.

ಕಾಫಿ ವಿರಾಮದಲ್ಲಿ ಅವಳು ಅಪ್ಪನ ಮುಖ ನೋಡಿದಳು.

"ಬಂದೇಬಿಡ್ತಲ್ಲ ಅಪ್ಪ, ಎಂಟು."

"ಬರ್ತದೆ. ಎಂಟೊಂಬತ್ತು ಸಲಕ್ಕೆ ಒಂದು ಸಲ ಬರ್ತದೆ. ನೀನೇ ಸೂತ್ರ ಬರ್ದು ತೋರಿಸಿದ್ದೆ."

"ಮತ್ತೆ ನಾನು ಬಿಟ್ಟದ್ದು ತಪ್ಪಲ್ಲವಾ?"

"ಇಬ್ಬರು ರಾಜ-ಗುಲಾಮರನ್ನ ಇಟ್ಕೊಂಡು ಕೂತಿದ್ರು. ಬಂದಿದ್ದ ಎಲೆ ನೋಡಿ ತಪ್ಪು ಸರಿ ಹೇಳೋದಾದ್ರೆ ಬುದ್ಧಿ ಯಾಕೆ ಬೇಕು? ಕಾಫಿ ಕುಡಿ. ಆರಿ ಹೋಯ್ತದೆ."

ಕುಮುದಾ ಕುಡಿದಳು. ಆ ನಂತರ ಅವಳು ಏಳರ ಜೋಡಿಯನ್ನು ಒಮ್ಮೆ ಕೊನೆಯ ಕುರ್ಚಿಯಿಂದ ಕಡಿಮೆ ಬಿಲ್ಲೆಗೆ ಆಡಿ, ಮಧ್ಯದಲ್ಲಿ ರಾಜ ರಾಣಿ ಬಿದ್ದ ಕೂಡಲೇ ಬಿಟ್ಟಳು. ಎಕ್ಕ-ರಾಜ ಬಂದಾಗ ಗೆದ್ದಳು. ಒಂಬತ್ತರ ಜೋಡಿಗೆ ಮೂರನೆಯ ಒಂಬತ್ತು ಕೂಡಿದಾಗ ದೊಡ್ಡದಾಗಿ ಗೆದ್ದಳು. ಎದುರಿನ ಕುರ್ಚಿಗಳು ಒಂದೊಂದಾಗಿ ಖಾಲಿಯಾದವು, ಉಳಿದವರು ಸೇರಿ ನಾಲ್ಕು ಮೇಜು ಒಂದಾಯಿತು. ಕಡ್ಡಾಯ ಬಿಲ್ಲೆ ಒಂದು ಇದ್ದದ್ದು ಎರಡಾಯಿತು, ನಾಲ್ಕಾಯಿತು, ಎಂಟಾಯಿತು.

ಮಧ್ಯಾಹ್ನ ಒಂದು ದಾಟಿದಾಗ ಇಬ್ಬರು ಉಳಿದಿದ್ದರು. ಕುಮುದಾಳ ಮುಂದೆ ಆರುನೂರ ನಲವತ್ತು ಬಿಲ್ಲೆ. ಪರಮಶಿವಯ್ಯನವರ ಮುಂದೆ ಐನೂರ ಅರವತ್ತು. ಕಡ್ಡಾಯ ಬಿಲ್ಲೆ ಅರವತ್ತನಾಲ್ಕಕ್ಕೆ ಏರಿತ್ತು. ಅಡುಗೆಮನೆಯಿಂದ ಬಿಸಿಬೇಳೆಬಾತಿನ ವಾಸನೆ ಬರುತ್ತಿತ್ತು. ಸೋತವರೆಲ್ಲ ಹಸಿದುಕೊಂಡು ಸುತ್ತ ನಿಂತಿದ್ದರು. ಆ ಕೋಣೆಯಲ್ಲಿ ಅಷ್ಟು ಸದಸ್ಯರು ಒಟ್ಟಿಗೆ ನಿಂತದ್ದು ಅಂದೇ ಮೊದಲು.

ಪರಮಶಿವಯ್ಯನವರು ತಮ್ಮ ಎಲೆಗಳನ್ನು ಎದೆಗೆ ಒತ್ತಿಕೊಂಡರು.

"ಸೇತುರಾಯರೇ, ಒಂದು ಆಕ್ಷೇಪಣೆ. ಮಾರ್ಕರ್ ನನ್ನ ಹಿಂದೆ ನಿಂತಿದ್ದಾನೆ. ನನ್ನ ಎಲೆ ಅವನಿಗೆ ಕಾಣುತ್ತೆ. ಅವನ ಮುಖ ಈ ಹುಡುಗಿಗೆ ಕಾಣುತ್ತೆ. ಕಣ್ಣಲ್ಲೇ ಹೇಳಿಬಿಟ್ಟರೆ?"

ಮೂವತ್ತೆರಡು ವರ್ಷ ಚೌಡಯ್ಯನವರು ಎಲ್ಲರ ಹಿಂದೆ ನಿಂತಿದ್ದರು. ಎಲ್ಲರ ಎಲೆಗಳನ್ನೂ ನೋಡಿದ್ದರು. ಒಬ್ಬರ ಎಲೆ ಇನ್ನೊಬ್ಬರಿಗೆ ತಿಳಿದಿದ್ದು ಒಂದು ಸಲವೂ ಇಲ್ಲ. ಅದು ಪರಮಶಿವಯ್ಯನವರಿಗೂ ಗೊತ್ತಿತ್ತು. ಕುಮುದಾಳ ಕಿವಿ ಮತ್ತೆ ಬಿಸಿಯಾಯಿತು.

ಚೌಡಯ್ಯನವರು ತಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟರು. ಗೋಡೆಯ ಬಳಿಗೆ ಹೋಗಿ, ಮೇಜಿಗೆ ಬೆನ್ನು ತಿರುಗಿಸಿ, ಗೋಡೆಗೆ ಮುಖ ಮಾಡಿ ನಿಂತರು. ಅಲ್ಲಿ ನಿಯಮಗಳ ಹಲಗೆ ಇತ್ತು. ಏಳನೆಯ ನಿಯಮ ಸರಿಯಾಗಿ ಅವರ ಕಣ್ಣಿನ ಎತ್ತರಕ್ಕಿತ್ತು.

"ಆಡಿ ಸಾರ್," ಎಂದರು, ಗೋಡೆಯ ಕಡೆಗೆ.

ಈ ಸಲ ಕಡ್ಡಾಯ ಬಿಲ್ಲೆ ಪರಮಶಿವಯ್ಯನವರದು. ಮೊದಲ ಮಾತು ಕುಮುದಾಳದು. ಅವಳು ತನ್ನ ಎಲೆಗಳ ಅಂಚು ಎತ್ತಿ ನೋಡಿದಳು. ಎಂಟು. ಎಂಟು.

ಅವಳೊಳಗೆ ಎರಡು ದನಿಗಳೆದ್ದವು. ಒಂದು ಸಿಟ್ಟಿನದು: ಆ ಬೆನ್ನು ನೋಡು, ಈಗಲೇ ತಳ್ಳು, ಇವನಿಗೆ ತೋರಿಸು. ಇನ್ನೊಂದು ಭಯದ್ದು, ಅದು ಬುದ್ಧಿಯ ವೇಷ ಹಾಕಿಕೊಂಡಿತ್ತು: ಬೆಳಗ್ಗೆ ಇದೇ ಎಂಟನ್ನು ಬಿಟ್ಟು ಬದುಕಿದೆ, ಈಗಲೂ ಬಿಡು, ಇನ್ನೂ ಒಳ್ಳೆಯ ಎಲೆ ಬರುತ್ತದೆ.

ಅವಳು ಎರಡನ್ನೂ ಪಕ್ಕಕ್ಕಿಟ್ಟಳು. ಎದುರಿಗಿರುವುದು ಎಷ್ಟು ಜನ? ಒಬ್ಬರು. ಕೈಯಲ್ಲಿರುವ ಬಿಲ್ಲೆ ಎಷ್ಟು ಆಟಕ್ಕೆ ಸಾಕು? ಹತ್ತು ಕಡ್ಡಾಯ ಬಿಲ್ಲೆಯಷ್ಟು. ಅರ್ಧ ಗಂಟೆಯ ನಂತರ ಐದರಷ್ಟು. ಎದುರಿನವರ ಕೈಯಲ್ಲಿ ಇದಕ್ಕಿಂತ ದೊಡ್ಡ ಜೋಡಿ ಇರುವ ಸಂಭವ ಎಷ್ಟು? ನೂರಕ್ಕೆ ಮೂರು. ಉತ್ತರ ಸಿಟ್ಟು ಹೇಳಿದ್ದೇ ಆಗಿತ್ತು. ಆದರೆ ಈ ಸಲ ಅದನ್ನು ಹೇಳಿದ್ದು ಸಿಟ್ಟಲ್ಲ.

ಅವಳು ಬಿಲ್ಲೆಗಳನ್ನು ಮುಂದಕ್ಕೆ ಸರಿಸಿದಳು. ಒಂದೂ ಉರುಳಲಿಲ್ಲ.

"ಎಲ್ಲಾ," ಎಂದಳು. ಮೇಜಿನಾಚೆಗೆ ಕೇಳಿಸಲಿಲ್ಲ.

ಪರಮಶಿವಯ್ಯನವರು ನಕ್ಕರು. "ಮತ್ತೆ ಅದೇ ಕಥೆ! ಅಪ್ಪನಿಗೆ ಒಂದು ಮಾತು ಅಂದರೆ ಮಗಳಿಗೆ ತಡೆಯೋಕಾಗಲ್ಲ. ಹೋದ ವರ್ಷವೂ ಹೀಗೇ ಮನೆಗೆ ಹೋದೆ ಕಣಮ್ಮ ನೀನು."

ಅವರ ಕೈಯಲ್ಲಿದ್ದದ್ದು ಒಂದು ಎಕ್ಕ, ಒಂದು ಆರು. ಸಮಾಧಾನದಿಂದ ಯೋಚಿಸಿದ್ದರೆ ಬಿಡಬಹುದಾದ ಎಲೆ. ಆದರೆ ಅವರು ಎದುರಿಗಿದ್ದವಳನ್ನು ನೋಡಲಿಲ್ಲ, ಹೋದ ವರ್ಷದವಳನ್ನು ನೋಡಿದರು. ತಮ್ಮ ಬಿಲ್ಲೆಗಳನ್ನೂ ತಳ್ಳಿದರು.

ಎಲೆಗಳು ಬಿಚ್ಚಿದವು. ಎಂಟರ ಜೋಡಿ ನೋಡಿ ಪರಮಶಿವಯ್ಯನವರ ನಗು ಅರ್ಧಕ್ಕೆ ನಿಂತಿತು.

ಸೇತುರಾಯರು ಮೂರು ಎಲೆ ತೆರೆದರು: ರಾಜ, ಒಂಬತ್ತು, ಮೂರು. ಯಾರಿಗೂ ಏನೂ ಇಲ್ಲ. ನಾಲ್ಕನೆಯದು ಆರು. ಪರಮಶಿವಯ್ಯನವರಿಗೂ ಒಂದು ಜೋಡಿ ಆಯಿತು. ಆದರೂ ಎಂಟು ಆರಕ್ಕಿಂತ ದೊಡ್ಡದು. ಇನ್ನೊಂದು ಎಲೆ ಉಳಿದಿತ್ತು. ಎಕ್ಕ ಬಂದರೂ ಅವಳು ಸೋಲುತ್ತಾಳೆ, ಆರು ಬಂದರೂ ಸೋಲುತ್ತಾಳೆ.

ಗೋಡೆಗೆ ಮುಖ ಮಾಡಿ ನಿಂತವರ ಬೆನ್ನು ಅಲುಗಲಿಲ್ಲ.

ಐದನೆಯ ಎಲೆ ಎರಡು. ಕಳಾವರದ ಎರಡು. ಇಡೀ ಕಟ್ಟಿನಲ್ಲಿ ಯಾರೂ ಬೇಕೆಂದು ಕೇಳದ ಎಲೆ.

ಸತ್ಯ ಹೇಳಬೇಕು. ಆ ಎಲೆಗಳನ್ನು ನೂರು ಸಲ ಆಡಿಸಿದರೆ ಕುಮುದಾ ಮೂವತ್ತು ಸಲ ಸೋಲುತ್ತಾಳೆ. ಅಂದು ಸೋತಿದ್ದರೂ ಅವಳ ನಿರ್ಧಾರ ಸರಿಯೇ ಆಗಿರುತ್ತಿತ್ತು, ಬೆಳಗ್ಗೆ ಎಂಟನ್ನು ಬಿಟ್ಟದ್ದು ಸರಿಯಾಗಿದ್ದ ಹಾಗೆ. ಆಕೆಯ ಮುಂದೆ ಎಂಬತ್ತು ಬಿಲ್ಲೆ ಉಳಿದಿರುತ್ತಿತ್ತು. ಅದನ್ನೂ ಅವಳು ಎಣಿಸಿಕೊಂಡೇ ತಳ್ಳಿದ್ದಳು.

ಸೇತುರಾಯರು ಕುಂಚ ತಂದರು. ಕುಮುದಾ ಏಳನೆಯ ನಿಯಮದ ಕಡೆ ನೋಡಿದ್ದನ್ನು ಕಂಡು ಪರಮಶಿವಯ್ಯನವರು ಅಡ್ಡ ಬಂದರು.

"ನೋಡಮ್ಮ, ಬೇರೆ ಏನಾದರೂ ಕೇಳು. ಗ್ರಂಥಾಲಯ ಅನ್ನು, ಹೆಣ್ಣುಮಕ್ಕಳಿಗೆ ಷಟಲ್ ಕೋರ್ಟ್ ಅನ್ನು. ಅದಾದರೆ ಪಟ್ಟಣಕ್ಕೆಲ್ಲ ಉಪಯೋಗ. ಇದು ಶಿಸ್ತಿನ ವಿಷಯ."

"ಈ ಕೋಣೆಯಲ್ಲಿ ಮೂವತ್ತೆರಡು ವರ್ಷದಿಂದ ಶಿಸ್ತಿನಿಂದ ಇದ್ದವರು ಒಬ್ಬರೇ," ಎಂದಳು ಕುಮುದಾ. "ಅವರು ನಿಂತಿದ್ದರು."

ಅವಳು ಹಲಗೆಯ ಬಳಿಗೆ ಹೋದಳು. ಚೌಡಯ್ಯನವರು ಪಕ್ಕಕ್ಕೆ ಸರಿದರು. ಏಳನೆಯ ನಿಯಮದ ಮೇಲೆ ಎಡದಿಂದ ಬಲಕ್ಕೆ ಒಂದು ನೇರ ಗೆರೆ ಬಿದ್ದಿತು. ಬಣ್ಣ ತೊಟ್ಟಿಕ್ಕಲಿಲ್ಲ.

ಸೇತುರಾಯರು ಒಂದು ಕುರ್ಚಿ ಎಳೆದರು.

"ಬನ್ನಿ ಚೌಡಯ್ಯನವರೇ," ಎಂದರು. ಆ ಕೋಣೆಯಲ್ಲಿ ಮಾರ್ಕರ್‌ಗೆ ಹೆಸರಿದೆ ಎಂಬುದು ಕೆಲವರಿಗೆ ಅಂದೇ ತಿಳಿಯಿತು. "ಊಟಕ್ಕೆ ಮೊದಲು ಒಂದು ಆಟ."

ಚೌಡಯ್ಯನವರು ಕುರ್ಚಿಯ ಬೆನ್ನನ್ನು ಒಮ್ಮೆ ಮುಟ್ಟಿ ನೋಡಿದರು. ಹೆಗಲ ಮೇಲಿನ ಬಟ್ಟೆಯಿಂದ ಅದನ್ನು ಒರೆಸಿದರು, ಅಭ್ಯಾಸ. ಆಮೇಲೆ ಕುಳಿತರು. ಮಂಡಿಗಳು ಸದ್ದು ಮಾಡಿದವು. ಕುಮುದಾ ಅವರ ಹಿಂದೆ ನಿಂತಳು.

ಆರು ಜನ ಕುಳಿತರು. ಎರಡೆರಡು ಎಲೆ ಬಿದ್ದವು. ಮೊದಲ ಮಾತು ಚೌಡಯ್ಯನವರದು. ಅವರು ಎಲೆಗಳ ಅಂಚು ಎತ್ತಿ ಬಹಳ ಹೊತ್ತು ನೋಡಿದರು. ಹಸಿದವರೂ ತಾಳಿಕೊಂಡು ಕಾದರು.

"ಏನಪ್ಪಾ ಬಂದಿದೆ?" ಎಂದು ಕುಮುದಾ ಕಿವಿಯ ಬಳಿ ಕೇಳಿದಳು.

"ಹಿಂದೆ ನಿಂತವರು ಕೇಳಬಾರದು," ಎಂದರು ಚೌಡಯ್ಯನವರು.

ಸುತ್ತ ನಗು ಎದ್ದಿತು. ಪರಮಶಿವಯ್ಯನವರು ಕೂಡ ತಡವಾಗಿ ನಕ್ಕರು.

ಚೌಡಯ್ಯನವರು ಐದು ಮುಖಗಳನ್ನು ಒಂದೊಂದಾಗಿ ನೋಡಿದರು. ಅವರೆಲ್ಲರ ಮುಖವನ್ನು ಎದುರಿನಿಂದ, ಒಂದೇ ಎತ್ತರದಿಂದ, ಅವರು ನೋಡುತ್ತಿದ್ದದ್ದು ಅದೇ ಮೊದಲು.

"ಈ ಕುರ್ಚಿಗೆ ಇವು ಸಾಲವು," ಎಂದು ಎಲೆಗಳನ್ನು ಕೆಳಗಿಟ್ಟರು.

ಎಲೆ ಇಟ್ಟರು. ಆದರೆ ಏಳಲಿಲ್ಲ.

ಈ ಕಥೆ ಹೇಳುವ ನೀತಿ: ಬಹುಪಾಲು ಜನರ ಕೈಗೆ ಬದುಕು ಎಕ್ಕವನ್ನೂ ಕೊಡುವುದಿಲ್ಲ, ಬರಿಗೈಯನ್ನೂ ಕೊಡುವುದಿಲ್ಲ, ಮಧ್ಯದ ಎಲೆಗಳನ್ನು ಕೊಡುತ್ತದೆ. ಅವುಗಳ ಬೆಲೆ ಅವುಗಳ ಮೇಲೆ ಬರೆದಿರುವುದಿಲ್ಲ. ನೀವು ಕುಳಿತ ಜಾಗ, ಎದುರಿಗೆ ಉಳಿದ ಜನ, ಕೈಯಲ್ಲಿ ಉಳಿದ ಕಾಲ ಅದನ್ನು ನಿರ್ಧರಿಸುತ್ತವೆ. ಬಿಡಬೇಕಾದಲ್ಲಿ ನಾಚದೆ ಬಿಡಿ, ಒಡ್ಡಬೇಕಾದಲ್ಲಿ ಹೆದರದೆ ಒಡ್ಡಿ. ಸಿಟ್ಟು ನಿಮ್ಮನ್ನು ಮೇಜಿನವರೆಗೆ ಕರೆತರಲಿ. ಎಲೆಯನ್ನು ಮಾತ್ರ ಅದರ ಕೈಗೆ ಕೊಡಬೇಡಿ.